ತಾನಾಗಿ ಕೈಗೆ ಬರಲಿ
ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳಲ್ಲಿ ‘ಲವ್‌ಬರ್ಡ್ಸ್’ ಎಂದು ಬಜರಿಗರ್ ಜೋಡಿ ತಂದವರಿಗೆ ಒಂದು ಮಾತು. ಮೊದಲ ವಾರ ಕೈ ಹಾಕಿ ಹಿಡಿಯಬೇಡಿ. ಪಂಜರದ ಪಕ್ಕ ಕೂತು ಮೆಲ್ಲಗೆ ಮಾತಾಡಿ, ಅಂಗೈಯಲ್ಲಿ ನಾಲ್ಕು ಕಾಳು ನವಣೆ ಇಟ್ಟು ಕಾಯಿರಿ. ಹಕ್ಕಿ ತಾನಾಗಿ ಬಂದು ಕುಕ್ಕಿದ ದಿನ ಅದು ನಿಮ್ಮನ್ನು ನಂಬಿತೆಂದು ತಿಳಿಯಿರಿ. ಮಕ್ಕಳಿಗೂ ಇದನ್ನೇ ಕಲಿಸಿ. ನಾಯಿಯನ್ನು ದೂರ ಕೂರಿಸಿ ದಿನಾ ಸ್ವಲ್ಪ ರೂಢಿ ಮಾಡಿಸಬಹುದು, ಹಕ್ಕಿಯ ಬಳಿ ಒಂಟಿಯಾಗಿ ಬಿಡದಿದ್ದರೆ ಸಾಕು. ಬೆಕ್ಕನ್ನು ಮಾತ್ರ ಎಂದೂ ನಂಬಬೇಡಿ: ಅದರ ಹಲ್ಲು ತಾಗಿದ ಸಣ್ಣ ಗಾಯಕ್ಕೂ ನಂಜೇರಿ ಹಕ್ಕಿ ಸಾಯಬಹುದು. ಗಾಯವಾದರೆ ಕೂಡಲೇ ಪಶುವೈದ್ಯರಿಗೆ ತೋರಿಸಿ. 40 ಡಿಗ್ರಿ ದಾಟುವ ನಮ್ಮ ಬಿಸಿಲಲ್ಲಿ ಪಂಜರ ಪಡಸಾಲೆಯ ನೆರಳಲ್ಲಿರಲಿ. ಇನ್ನು ಹೊಲದ ಗಿಳಿ? 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಹಿಡಿದು ಸಾಕುವುದು ಅಪರಾಧ. ಜೋಳದ ತೆನೆಗೆ ಬಂದಾಗ ಅಲ್ಲೇ ಕಣ್ತುಂಬ ನೋಡಿ.