ಶುಗರ್ ಇಲ್ಲದ ಮೇಲೆ ಆ ಮಾತ್ರೆ ಏಕಪ್ಪ?

ಮೆಟ್‌ಫಾರ್ಮಿನ್ ನುಂಗಿದರೆ ಆಯಸ್ಸು ಹೆಚ್ಚುತ್ತದಂತೆ, ಶುರುಮಾಡಲೇ ಮಾವ ಎಂದು ಕೇಳಿದ್ದೀಯ. ನಿನಗೆ ಶುಗರ್ ಇಲ್ಲ. ನಲವತ್ತು ದಾಟಿದರೂ ಬೆಳಗಾದರೆ ಓಡುತ್ತೀಯ, ಜಿಮ್‌ಗೆ ಹೋಗಿ ಭಾರ ಎತ್ತುತ್ತೀಯ. ಅದಕ್ಕೇ ಹೇಳುತ್ತೇನೆ, ಬೇಡಪ್ಪ.

ಆ ಮಾತ್ರೆಯ ಮೇಲೆ ನನಗೇನೂ ಮುನಿಸಿಲ್ಲ. ಶುಗರ್‌ಗೆಂದು ದಿನಾ ಊಟದ ಜೊತೆ ಅದನ್ನು ತೆಗೆದುಕೊಳ್ಳುವವನು ನಾನು. ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೈತೂಕ ಹೆಚ್ಚಿದ್ದ ಮಧುಮೇಹಿಗಳ ಸಾವು ಈ ಔಷಧಿಯಿಂದ ಶೇ. 36ರಷ್ಟು ತಗ್ಗಿತ್ತು. ಮೆಟ್‌ಫಾರ್ಮಿನ್ ತೆಗೆದುಕೊಂಡವರು ಕಾಯಿಲೆಯೇ ಇಲ್ಲದವರಿಗಿಂತ ಹೆಚ್ಚು ಬಾಳಿದರು ಎಂದು 2014ರಲ್ಲಿ ಕಾರ್ಡಿಫ್‌ನ ಸಂಶೋಧಕರು ಬರೆದರು. ನಿನ್ನಂಥವರಿಗೆ ಆಸೆ ಹುಟ್ಟಿದ್ದು ಅಲ್ಲಿಂದ. ಆದರೆ 2022ರಲ್ಲಿ ಡೆನ್ಮಾರ್ಕಿನ ದಾಖಲೆಗಳನ್ನು ಜಾಲಾಡಿದವರಿಗೆ ಆ ಲಾಭ ಸಿಗಲಿಲ್ಲ.

ನನ್ನ ನಿಜವಾದ ಚಿಂತೆ ನಿನ್ನ ವ್ಯಾಯಾಮದ್ದು. 2019ರಲ್ಲಿ ಅಮೆರಿಕದಿಂದ ಎರಡು ಅಧ್ಯಯನ ಬಂದವು. ಒಂದರಲ್ಲಿ ಅರವತ್ತರ ಆಸುಪಾಸಿನವರು 12 ವಾರ ಬೆವರು ಹರಿಸಿದರು. ಮಾತ್ರೆ ನುಂಗಿದವರ ದಮ್ಮು ಉಳಿದವರಷ್ಟು ಏರಲಿಲ್ಲ, ಇನ್ಸುಲಿನ್ ಕೆಲಸ ಸುಧಾರಿಸುವುದೂ ಕುಂಟಿತು. ಇನ್ನೊಂದರಲ್ಲಿ 65 ದಾಟಿದವರು 14 ವಾರ ಭಾರ ಎತ್ತಿದರು; ಮೆಟ್‌ಫಾರ್ಮಿನ್ ಗುಂಪಿನವರ ಮಾಂಸಖಂಡ ಕಡಿಮೆ ಬೆಳೆಯಿತು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯವನ್ನು ಈ ಔಷಧಿ ತುಸು ಹಿಂದಕ್ಕೆ ಎಳೆಯುತ್ತದೆ, ವ್ಯಾಯಾಮ ಅದನ್ನೇ ಹುರಿಗೊಳಿಸಲು ಹೊರಟಿರುತ್ತದೆ. ಮುಪ್ಪಿನಲ್ಲಿ ಬಿದ್ದು ಸೊಂಟ ಮುರಿಯದಂತೆ ಕಾಯುವುದು ಆ ಮಾಂಸಖಂಡವೇ ಕಣೋ.

ಈ ಮಾತ್ರೆ ಗಂಡು ಹಾರ್ಮೋನಾದ ಟೆಸ್ಟೊಸ್ಟೆರೋನನ್ನು ತಗ್ಗಿಸುತ್ತದೆಂಬ ಮಾತೂ ಇದೆ, ಆ ವಿಷಯದಲ್ಲಿ ನಿನ್ನನ್ನು ಹೆದರಿಸಲಾರೆ. ಪಿಸಿಒಡಿ ಇರುವ ಹೆಣ್ಣುಮಕ್ಕಳಲ್ಲಿ ಗಂಡು ಹಾರ್ಮೋನು ತಗ್ಗಲೆಂದೂ ಇದನ್ನು ಕೊಡುತ್ತಾರೆ. ಗಂಡಸರಲ್ಲಿ ಕೆಲವು ಅಧ್ಯಯನಗಳು ಇಳಿಕೆ ತೋರಿಸಿವೆ, ಎಲ್ಲವೂ ಅಲ್ಲ. ಬೊಜ್ಜು, ಮಧುಮೇಹಗಳೇ ಆ ಹಾರ್ಮೋನನ್ನು ಇಳಿಸುವುದರಿಂದ ದೂರು ಯಾರ ಮೇಲೆ ಹೊರಿಸಬೇಕೆಂಬುದೇ ತೊಡಕು. ಬಿ12 ಮಾತ್ರ ಖಚಿತ: ಬಹುಕಾಲ ನುಂಗಿದರೆ ಕಡಿಮೆಯಾಗಬಹುದು. ನಮ್ಮದು ಸಸ್ಯಾಹಾರಿ ಮನೆ, ಮೊದಲೇ ಅದರ ಕೊರತೆ.

ಶುಗರ್ ಬಾರದಂತೆ ತಡೆಯುವ ಮಾತಿಗೆ ಬಂದರೆ, ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ್ದು ನಮ್ಮವರದೇ ಲೆಕ್ಕ. ಶುಗರ್ ಬರುವ ಅಂಚಿನಲ್ಲಿದ್ದವರಿಗೆ ಊಟ-ನಡಿಗೆ ತಿದ್ದಿಕೊಂಡಿದ್ದರಿಂದ ಅಪಾಯ ಶೇ. 28.5 ಇಳಿಯಿತು, ಮಾತ್ರೆಯಿಂದ 26.4, ಎರಡೂ ಸೇರಿದಾಗ 28.2. ನಡೆಯುವವನಿಗೆ ಮಾತ್ರೆ ಹೆಚ್ಚೇನೂ ಕೊಡಲಿಲ್ಲ.

ವರ್ಷಕ್ಕೊಮ್ಮೆ ಎಚ್‌ಬಿಎ1ಸಿ ಎಂಬ ಶುಗರ್ ಪರೀಕ್ಷೆ ಮಾಡಿಸು. ನಾಳೆ ಶುಗರ್ ಬಂದು ಡಾಕ್ಟರು ಇದನ್ನೇ ಬರೆದುಕೊಟ್ಟರೆ ಕಣ್ಣುಮುಚ್ಚಿ ತೆಗೆದುಕೋ, ಓಟವನ್ನೂ ಬಿಡಬೇಡ. ಇನ್ನೊಂದು ಮಾತು: ಇದನ್ನೆಲ್ಲ ಶುಗರ್‌ಗೆ ಇದೇ ಮಾತ್ರೆ ನುಂಗುವ ಅಕ್ಕನ ಮುಂದೆ ಅರ್ಧಂಬರ್ಧ ಹೇಳಿಬಿಡಬೇಡ, ಹೆದರಿ ನಿಲ್ಲಿಸಿಯಾಳು. ಅವಳಿಗೆ ಆ ಮಾತ್ರೆ ಬೇಕೇ ಬೇಕು.