ಕುದುರೆ ಕಟ್ಟಿದ ಮನೆ

ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ನಮ್ಮ ಮನೆ. ನಾವು ಟಾಂಗಾ ಹೊಡೆಯುವವರು. ಮನೆ ಎಂದರೆ ಎರಡು ಕೋಣೆ. ಹಿಂದುಗಡೆ ಕುದುರೆ ಲಾಯ. ಲಾಯವೇ ಮನೆಗಿಂತ ದೊಡ್ಡದು!

ಲಾಯದಲ್ಲಿ ನಮ್ಮ ಕುದುರೆ ರಾಜ ಇದ್ದಾನೆ. ಬಾಗಿಲಲ್ಲಿ ನಾಯಿ ಕರಿಯ. ಒಂದು ಬೆಕ್ಕು, ಆರು ಕೋಳಿ. ಇವು ನಾವು ಸಾಕಿದವು. ಸಾಕದೆ ಬಂದು ಸೇರಿಕೊಂಡವು ಇನ್ನೂ ಇವೆ. ಇಲಿ, ಮುಂಗುಸಿ, ಗೂಬೆ, ನವಿಲು, ಹಾವು. ಎಲ್ಲರಿಗೂ ಅದೇ ಲಾಯ ಬೇಕು.

ಬೆಳಗ್ಗೆ 5 ಗಂಟೆಗೆ ರಾಜ ಕೆನೆಯುತ್ತಾನೆ. ನಮಗೆ ಬೇರೆ ಗಡಿಯಾರ ಬೇಡ. ಮೊದಲು ನೀರು. ಆಮೇಲೆ ಹುಲ್ಲು. ಕೊನೆಗೆ ಬೇಯಿಸಿದ ಹುರುಳಿ. ಒಂದು ಕುದುರೆ ದಿನಕ್ಕೆ 30ರಿಂದ 40 ಲೀಟರ್ ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಹೆಚ್ಚು ಬೇಕು. ನಲ್ಲಿಯಲ್ಲಿ ನೀರು ಬಾರದ ದಿನ ನಮಗೆ ಸ್ನಾನವಿಲ್ಲ, ರಾಜನಿಗೆ ಮಾತ್ರ ನೀರು ಉಂಟು.

ಲದ್ದಿ ಬಾಚಿ ಗುಂಡಿಗೆ ಹಾಕುತ್ತೇವೆ. ಗೊರಸು ಎತ್ತಿ ಕಲ್ಲು, ಮಣ್ಣು ಕೆರೆದು ತೆಗೆಯುತ್ತೇವೆ. ಡಾಂಬರು ರಸ್ತೆಯಲ್ಲಿ ಲಾಳ ಬೇಗ ಸವೆಯುತ್ತದೆ. ತಿಂಗಳಿಗೋ ಒಂದೂವರೆ ತಿಂಗಳಿಗೋ ಹೊಸ ಲಾಳ ಹೊಡೆಸಬೇಕು. ಆಮೇಲೆ ಟಾಂಗಾ ಕಟ್ಟಿ ಅರಮನೆ ಕಡೆ ಹೊರಡುವುದು. ಹಿಂದೆ ಊರಿನವರೇ ಟಾಂಗಾ ಹತ್ತುತ್ತಿದ್ದರು. ಆಟೋ ಬಂದ ಮೇಲೆ ಪ್ರವಾಸಿಗರೇ ನಮ್ಮ ಗಿರಾಕಿಗಳು. ದಸರಾ ಬಂದರೆ ನಾಲ್ಕು ಕಾಸು ಕೈಗೆ ಹತ್ತುತ್ತದೆ.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಬಾಯಿಂದ ಹೊರಗೆ ಬಾರದು. ಕುದುರೆ ಹಗ್ಗ ಬಿಚ್ಚಿಕೊಂಡು ಹುರುಳಿ ಮೂಟೆಗೆ ಬಾಯಿ ಹಾಕಿದರೆ ಹೊಟ್ಟೆಶೂಲೆ ಬರುತ್ತದೆ. ಹೊಟ್ಟೆಯ ಕಡೆಗೇ ತಿರುಗಿ ತಿರುಗಿ ನೋಡುತ್ತದೆ. ಮಲಗುತ್ತದೆ, ಏಳುತ್ತದೆ, ಹೊರಳಾಡುತ್ತದೆ. ಬೆವರು ಕಿತ್ತು ಬರುತ್ತದೆ. ಲದ್ದಿ ನಿಂತುಹೋಗುತ್ತದೆ. ಆಗ ಮೇವು ಹಾಕಬಾರದು. ಮನೆಮದ್ದು ಕುಡಿಸುತ್ತಾ ಕೂರಬಾರದು. 1962ಕ್ಕೆ ಫೋನ್ ಮಾಡಿ ಪಶುವೈದ್ಯರನ್ನು ಕರೆಸಬೇಕು. ತಡವಾದರೆ ಕುದುರೆ ಸಾಯುತ್ತದೆ. ಕುದುರೆ ಹೋದರೆ ನಮ್ಮ ಅನ್ನವೇ ಹೋದಂತೆ.

ಅದಕ್ಕೇ ಹುರುಳಿಯನ್ನು ನಾವು ಮೂಟೆಯಲ್ಲಿ ಇಡುವುದಿಲ್ಲ. ತಗಡಿನ ಡ್ರಮ್ಮಿನಲ್ಲಿ ಇಟ್ಟು ಮುಚ್ಚಳದ ಮೇಲೆ ರುಬ್ಬುಗುಂಡು ಹೇರುತ್ತೇವೆ. ಇದರಿಂದ ಇನ್ನೊಂದು ಲಾಭವೂ ಇದೆ. ಚೆಲ್ಲಿದ ಹುರುಳಿಗೆ ಇಲಿ ಬರುತ್ತದೆ. ಇಲಿಗೆ ಹಾವು ಬರುತ್ತದೆ. ಹಾವಿಗೆ ಕುದುರೆಯ ಮೇಲೆ ಹಗೆ ಏನೂ ಇಲ್ಲ, ಅದಕ್ಕೆ ಬೇಕಾದ್ದು ಇಲಿ.

ಬೆಕ್ಕು ಸೋಮಾರಿ. ಇಲಿ ಹಿಡಿಯುವ ಕೆಲಸ ಗೂಬೆಯದು. ಲಾಯದ ಸೂರಿನಲ್ಲಿ ಬಿಳಿ ಮುಖದ ಒಂದು ಜೋಡಿ ಇದೆ. ಮೊದಲು ಅಜ್ಜಿ, "ಗೂಬೆ ಮನೆಗೆ ಕೇಡು ಕಣ್ರಪ್ಪಾ, ಓಡಿಸಿ" ಅಂತಿದ್ದರು. ಅಪ್ಪ ಒಂದು ದಿನ ಸೂರಿನ ಕೆಳಗೆ ಬಿದ್ದಿದ್ದ ಉಂಡೆಗಳನ್ನು ಬಿಡಿಸಿ ತೋರಿಸಿದರು. ಗೂಬೆ ಕಕ್ಕಿದ ಉಂಡೆಗಳು ಅವು. ಒಳಗೆಲ್ಲ ಇಲಿಯ ಮೂಳೆ, ಇಲಿಯ ಕೂದಲು. ಅಜ್ಜಿ ಮತ್ತೆ ಆ ಮಾತು ಎತ್ತಲಿಲ್ಲ.

ಆದರೂ ಹಾವು ಬರುವುದು ಪೂರಾ ನಿಲ್ಲಲಿಲ್ಲ. ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಮಾವ ಸಂಜೆಗತ್ತಲಲ್ಲಿ ತಮ್ಮ ಹಸುವಿಗೆ ಹುಲ್ಲಿನ ಹೊರೆ ಎತ್ತಲು ಹೋದರು. ಹೊರೆಯ ಅಡಿಯಲ್ಲಿ ಕೊಳಕುಮಂಡಲ ಇತ್ತು. ಕಾಲಿಗೆ ಕಚ್ಚಿತು. ಜನ ಸೇರಿದರು. ಒಬ್ಬರು "ಹಗ್ಗ ಬಿಗೀರಿ" ಅಂದರು. ಇನ್ನೊಬ್ಬರು "ಬ್ಲೇಡ್ ತನ್ನಿ, ರಕ್ತ ಬಿಡೋಣ" ಅಂದರು. ಮತ್ತೊಬ್ಬರು ಮಂತ್ರ ಹಾಕುವವರನ್ನು ಕರೆಯಲು ಹೊರಟೇಬಿಟ್ಟರು.

ಅತ್ತೆ ಗಟ್ಟಿಗಿತ್ತಿ. "ಯಾರೂ ಮುಟ್ಟಬೇಡಿ" ಎಂದರು. ಮಾವನ ಕಾಲುಂಗುರದ ಹಾಗಿದ್ದ ತಾಮ್ರದ ಬಳೆ ಬಿಚ್ಚಿಸಿದರು, ಕಾಲು ಊದಿದರೆ ಅದು ಬಿಗಿಯುತ್ತದೆ. ಕಾಲು ಅಲುಗದಂತೆ ಎರಡು ಹಲಗೆ ಇಟ್ಟು ಬಟ್ಟೆ ಸುತ್ತಿದರು. ನಡೆಯಲು ಬಿಡಲಿಲ್ಲ. ನಾವು 108ಕ್ಕೆ ಫೋನ್ ಮಾಡಿದೆವು. ಆಂಬುಲೆನ್ಸ್ ಬಂತು.

ಆಸ್ಪತ್ರೆಯಲ್ಲಿ ಸಣ್ಣ ಬಾಟಲಿಗಳಲ್ಲಿದ್ದ ಬಿಳಿ ಪುಡಿಯನ್ನು ನೀರಿನಲ್ಲಿ ಕರಗಿಸಿ ರಕ್ತನಾಳಕ್ಕೆ ಕೊಟ್ಟರು. ಮಾವ ಎಂಟು ದಿನ ಅಲ್ಲೇ ಇದ್ದು ಮನೆಗೆ ಬಂದರು. ಅಪ್ಪ ಡಾಕ್ಟರರನ್ನು ಕೇಳಿದರು, "ಅದು ಯಾವ ಪುಡಿ ಸ್ವಾಮಿ?" ಡಾಕ್ಟರು ನಕ್ಕರು. "ನೀವು ಟಾಂಗಾದವರಲ್ಲವಾ? ಅದು ಕುದುರೆಯಿಂದ ಬಂದದ್ದು" ಎಂದರು.

ಅದು ಹೇಗೆ? ತಮಿಳುನಾಡಿನಲ್ಲಿ ಚೆನ್ನೈ ಹತ್ತಿರ ಇರುಳಿಗ ಜನರ ಒಂದು ಸಹಕಾರ ಸಂಘ ಇದೆ. 1978ರಲ್ಲಿ ಶುರುವಾದದ್ದು. ಅವರು ಹಾವು ಹಿಡಿದು ವಿಷ ತೆಗೆದು, ಹಾವನ್ನು ಮತ್ತೆ ಕಾಡಿಗೆ ಬಿಡುತ್ತಾರೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕು ಹಾವಿನ ವಿಷ. ಔಷಧಿ ಮಾಡುವವರು ಆ ವಿಷವನ್ನು ಕುದುರೆಗೆ ಸೂಜಿಯಲ್ಲಿ ಕೊಡುತ್ತಾರೆ. ಮೊದಲು ಬಹಳ ಸ್ವಲ್ಪ, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚು. ಕುದುರೆ ಸಾಯುವುದಿಲ್ಲ. ಅದರ ರಕ್ತದಲ್ಲಿ ವಿಷವನ್ನು ತಡೆಯುವ ಶಕ್ತಿ ಹುಟ್ಟುತ್ತದೆ. ಆ ರಕ್ತದಿಂದ ಔಷಧಿ ತಯಾರಾಗುತ್ತದೆ. ಮತ್ತೆ ಮತ್ತೆ ಸೂಜಿ, ಮತ್ತೆ ಮತ್ತೆ ರಕ್ತ. ಆ ಕುದುರೆಗಳಿಗೂ ನೋವಿದೆ, ಅದನ್ನು ಮರೆಯಲಾಗದು.

2024ರಲ್ಲಿ ಕರ್ನಾಟಕ ಸರ್ಕಾರ ಒಂದು ಆದೇಶ ಮಾಡಿದೆ. ಹಾವು ಕಚ್ಚಿದವರು ಬಂದರೆ ಆಸ್ಪತ್ರೆಗಳು ಅದನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು. ಎಲ್ಲಿ ಎಷ್ಟು ಜನಕ್ಕೆ ಕಚ್ಚಿದೆ ಎಂದು ತಿಳಿದರೆ ಔಷಧಿಯನ್ನು ಅಲ್ಲಿಗೆ ಕಳಿಸಬಹುದು.

ಮಾವ ಈಗ ಟಾರ್ಚ್ ಇಲ್ಲದೆ ಹೊರಗೆ ಕಾಲಿಡುವುದಿಲ್ಲ. ಹೊರೆ ಎತ್ತುವ ಮೊದಲು ಕೋಲಿನಿಂದ ತಟ್ಟುತ್ತಾರೆ. ನಮ್ಮ ಲಾಯಕ್ಕೆ ಬಂದಾಗಲೆಲ್ಲ ರಾಜನಿಗೆ ಒಂದು ತುಂಡು ಬೆಲ್ಲ ತರುತ್ತಾರೆ. "ನಿನ್ನ ನೆಂಟರ ಋಣ ಕಣಯ್ಯಾ" ಅಂತಾರೆ. ಹೆಚ್ಚು ಬೆಲ್ಲ ಕೊಡಬೇಡಿ ಮಾವ ಅಂತ ನಾವು ಹೇಳುತ್ತಲೇ ಇದ್ದೇವೆ.

ಓದಿ, ಬರೆಯಿರಿ:
ಲಾಯ, ಲಾಳ, ಲದ್ದಿ, ಲಗಾಮು
ಗೊರಸು, ಗೂಬೆ, ಮುಂಗುಸಿ, ಮುಚ್ಚಳ

ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ:
108 – ಆಂಬುಲೆನ್ಸ್
1962 – ಪಶುವೈದ್ಯರು

ಹೇಳಿ:
ಕುದುರೆಗೆ ಹೊಟ್ಟೆಶೂಲೆ ಬಂದರೆ ಹೇಗೆ ಗೊತ್ತಾಗುತ್ತದೆ?
ಅತ್ತೆ ಹಗ್ಗ ಬಿಗಿಯಲು ಯಾಕೆ ಬಿಡಲಿಲ್ಲ? ನಿಮ್ಮ ಊರಿನಲ್ಲಿ ಏನು ಮಾಡುತ್ತಾರೆ? ಮಾತಾಡಿಕೊಳ್ಳಿ.