ಪ್ರೌಢಶಾಲೆಗಳಲ್ಲಿ ವಿದ್ಯಾರ್ಥಿ ಪುರಸ್ಕಾರ: ಸಾಧನೆಯ ಜೊತೆಗೆ ನಡತೆಯನ್ನೂ ಗುರುತಿಸುವ ಕ್ರಮ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಬಳಿಕ ಕೆಲವು ತಿಂಗಳುಗಳ ಕಾಲ ತಾಲ್ಲೂಕು ಕೇಂದ್ರಗಳಲ್ಲಿ ಪ್ರತಿಭಾ ಪುರಸ್ಕಾರ ಸಮಾರಂಭಗಳು ಜರುಗುತ್ತವೆ. ಸಹಕಾರ ಸಂಘಗಳು, ಸಮಾಜದ ಸಂಘಟನೆಗಳು, ಹಳೆಯ ವಿದ್ಯಾರ್ಥಿಗಳ ಬಳಗಗಳು ತಮ್ಮ ತಮ್ಮ ವೇದಿಕೆಗಳಲ್ಲಿ ಮಕ್ಕಳನ್ನು ಸನ್ಮಾನಿಸುತ್ತವೆ. 625ಕ್ಕೆ 600ರ ಮೇಲೆ ಅಂಕ ಗಳಿಸಿದ ವಿದ್ಯಾರ್ಥಿನಿಗೆ ಒಂದೇ ವರ್ಷದಲ್ಲಿ ನಾಲ್ಕೈದು ಶಾಲುಗಳು, ಅಷ್ಟೇ ಸ್ಮರಣಿಕೆಗಳು ದೊರೆಯುವುದುಂಟು. ಅದು ಆಕೆಯ ಶ್ರಮಕ್ಕೆ ಸಲ್ಲಬೇಕಾದ ಗೌರವವೇ ಸರಿ. ಆದರೆ ಅದೇ ಶಾಲೆಯಲ್ಲಿ ಎಂಟನೆಯ ತರಗತಿಗೆ ಸೇರಿ ಹತ್ತನೆಯ ತರಗತಿ ಮುಗಿಸಿ ಹೊರಡುವ ಮೂರು ವರ್ಷಗಳಲ್ಲಿ, ಒಳ್ಳೆಯ ಕಾರಣಕ್ಕಾಗಿ ತಮ್ಮ ಹೆಸರನ್ನು ಒಮ್ಮೆಯೂ ಗಟ್ಟಿಯಾಗಿ ಕೇಳಿರದ ಮಕ್ಕಳು ಎಷ್ಟು ಮಂದಿ? ಹಾಜರಿ ಪುಸ್ತಕವನ್ನು ತೆರೆದು ಒಂದೊಂದೇ ಹೆಸರಿನ ಮುಂದೆ ಈ ಪ್ರಶ್ನೆಯನ್ನಿಟ್ಟು ನೋಡಿದರೆ ಉತ್ತರ ಸಮಾಧಾನ ತರುವಂತಿರುವುದಿಲ್ಲ. ತಾನು ಶಾಲೆಗೆ ಬಂದರೂ ಬಾರದಿದ್ದರೂ ಯಾರಿಗೂ ವ್ಯತ್ಯಾಸವಾಗದೆಂಬ ಭಾವನೆ ಮೂಡಿದ ಮಗುವನ್ನು ಕೂಲಿ ಕೆಲಸವೋ ಮನೆಯಲ್ಲಿ ನಡೆಯುವ ಮದುವೆಯ ಮಾತೋ ಶಾಲೆಯಿಂದ ಸುಲಭವಾಗಿ ಎಳೆದೊಯ್ಯುತ್ತದೆ.

ಪ್ರೌಢಶಾಲಾ ಮಕ್ಕಳ ಸಾಧನೆಯನ್ನು ಗುರುತಿಸುವ ವ್ಯವಸ್ಥೆಗಳು ಕಡಿಮೆಯೇನಿಲ್ಲ. ಹಾಡು, ಭಾಷಣ, ಅಭಿನಯಗಳಿಗೆ ಪ್ರತಿಭಾ ಕಾರಂಜಿಯಿದೆ. ಆಟೋಟಗಳಿಗೆ ಇಲಾಖಾ ಕ್ರೀಡಾಕೂಟಗಳಿವೆ. ಎಂಟನೆಯ ತರಗತಿಯಲ್ಲಿ ಎನ್.ಎಂ.ಎಂ.ಎಸ್. ಪರೀಕ್ಷೆ ಬರೆದು ಆಯ್ಕೆಯಾದವರಿಗೆ ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ದೊರೆಯುತ್ತದೆ. ಇವೆಲ್ಲವೂ ಸ್ಪರ್ಧೆಯ ಸ್ವರೂಪದವು. ಶಾಲೆಯಿಂದ ಕ್ಲಸ್ಟರ್, ಅಲ್ಲಿಂದ ತಾಲ್ಲೂಕು, ಜಿಲ್ಲೆ ಎಂದು ಮೇಲೇರಿದಂತೆ ಉಳಿಯುವವರ ಸಂಖ್ಯೆ ಇಳಿಯುತ್ತದೆ. ಹಾಡುಗಾರಿಕೆಗೆ ಇದು ಸಹಜವಾದ ಕ್ರಮ. ಪ್ರಾಮಾಣಿಕತೆಗೆ, ಸಹನೆಗೆ, ಸಹಪಾಠಿಯ ಬಗೆಗಿನ ಕಾಳಜಿಗೆ ಪ್ರಥಮ, ದ್ವಿತೀಯ, ತೃತೀಯ ಸ್ಥಾನಗಳನ್ನು ಹಂಚುವುದು ಮಾತ್ರ ಅಸಂಗತ.

ನಡತೆಗೆಂದು ಶಾಲಾ ದಾಖಲೆಯಲ್ಲಿ ಸ್ಥಳವೇ ಇಲ್ಲವೆಂದಲ್ಲ. ವರ್ಗಾವಣೆ ಪತ್ರದಲ್ಲಿ ಅದಕ್ಕೊಂದು ಕಲಮು ಇದೆ. ಅದರಲ್ಲಿ ‘ಉತ್ತಮ’ ಅಥವಾ ‘ತೃಪ್ತಿಕರ’ ಎಂಬ ಒಂದೇ ಪದವನ್ನು ಹೆಚ್ಚುಕಡಿಮೆ ಎಲ್ಲರಿಗೂ ಬರೆಯಲಾಗುತ್ತದೆ. ಮಗುವಿನ ಮುಂದಿನ ದಾರಿಗೆ ಅಡ್ಡಿಯಾಗದಿರಲೆಂಬ ಸದುದ್ದೇಶ ಅದರ ಹಿಂದಿರುವುದರಿಂದ ಆ ರೂಢಿಯನ್ನು ಹಳಿಯಬೇಕಾಗಿಲ್ಲ. ಆದರೆ ಎಲ್ಲರಿಗೂ ಸಮನಾಗಿ ಹಂಚಲ್ಪಟ್ಟ ಆ ಪದವು ಯಾವ ಮಗುವಿನ ಬಗೆಗೂ ಏನನ್ನೂ ಹೇಳುವುದಿಲ್ಲ.

ಹಾಗಾದರೆ ಒಳ್ಳೆಯ ನಡತೆಗೆ ಬಹುಮಾನವನ್ನು ಘೋಷಿಸಿದರೆ ಸಾಕಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಈ ವಿಷಯವಾಗಿ ಅಮೆರಿಕದಲ್ಲಿ ನಡೆದ ಮೂರು ಅಧ್ಯಯನಗಳು ಇಲ್ಲಿನ ಶಿಕ್ಷಕರಿಗೂ ಉಪಯುಕ್ತವಾಗಿವೆ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು, ಸ್ಕೆಚ್ ಪೆನ್ನುಗಳಿಂದ ಚಿತ್ರ ಬರೆಯುವುದರಲ್ಲಿ ಸ್ವತಃ ಆಸಕ್ತಿಯಿದ್ದ ಪುಟ್ಟ ಮಕ್ಕಳನ್ನು ಗಮನಿಸಿದರು. ಚಿತ್ರ ಬರೆದರೆ ಪ್ರಶಸ್ತಿ ಪತ್ರ ಸಿಗುವುದೆಂದು ಮೊದಲೇ ತಿಳಿಸಲಾಗಿದ್ದ ಮಕ್ಕಳು ಕೆಲವು ದಿನಗಳ ಅನಂತರ ಆ ಪೆನ್ನುಗಳತ್ತ ಮೊದಲಿನಷ್ಟು ಒಲವು ತೋರಲಿಲ್ಲ. ನಿರೀಕ್ಷೆಯಿಲ್ಲದೆ ಪತ್ರ ಪಡೆದವರ ಮತ್ತು ಏನನ್ನೂ ಪಡೆಯದವರ ಆಸಕ್ತಿ ಹಾಗೆ ಕುಗ್ಗಲಿಲ್ಲ. 1998ರಲ್ಲಿ ಮ್ಯುಲ್ಲರ್ ಮತ್ತು ಡ್ವೆಕ್ ಐದನೆಯ ತರಗತಿಯ ಮಕ್ಕಳಲ್ಲಿ ಕಂಡುಕೊಂಡ ಸಂಗತಿ ಇನ್ನೂ ಚಿಂತನಾರ್ಹವಾದುದು. ‘ನೀನು ಬುದ್ಧಿವಂತ’ ಎಂಬ ಹೊಗಳಿಕೆ ಪಡೆದ ಮಕ್ಕಳು ಕಠಿಣ ಸಮಸ್ಯೆ ಎದುರಾದಾಗ ಬೇಗನೆ ಎದೆಗುಂದಿದರು. ತಾವು ಗಳಿಸಿದ ಅಂಕವನ್ನು ಹೆಚ್ಚಿಸಿ ಹೇಳಿದವರೂ ಅವರಲ್ಲೇ ಹೆಚ್ಚು. ‘ಚೆನ್ನಾಗಿ ಶ್ರಮಿಸಿದ್ದೀಯೆ’ ಎಂಬ ಮಾತು ಕೇಳಿದವರು ಪ್ರಯತ್ನವನ್ನು ಮುಂದುವರಿಸಿದರು. ಇನ್ನು 15,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನೊಳಗೊಂಡು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೂರ್ಣ ಹಾಜರಾತಿಗಾಗಿ ತರುವಾಯ ಪ್ರಶಸ್ತಿ ಪಡೆದ ಮಕ್ಕಳ ಹಾಜರಾತಿ ಅನಂತರದ ದಿನಗಳಲ್ಲಿ ಇಳಿದುದು ಕಂಡುಬಂದಿತು. ಇತರರಿಗಿಂತಲೂ ಶಾಲೆ ನಿರೀಕ್ಷಿಸಿದುದಕ್ಕಿಂತಲೂ ತಾನು ಹೆಚ್ಚೇ ಬಂದಿದ್ದೇನೆಂಬ ಸೂಚನೆಯನ್ನು ಮಗು ಆ ಪ್ರಶಸ್ತಿಯಿಂದ ಗ್ರಹಿಸಿರಬಹುದೆಂಬುದು ಅಧ್ಯಯನಕಾರರ ವಿವರಣೆ.

ಪುರಸ್ಕಾರವೇ ಬೇಡವೆಂದು ಇವುಗಳಿಂದ ತೀರ್ಮಾನಿಸುವುದು ಆತುರವಾದೀತು. ಬಹುಮಾನದ ವಸ್ತುವಿಗಿಂತ ಅದರೊಡನೆ ಹೇಳಿದ ಮಾತು ಮಗುವಿನ ಮೇಲೆ ಹೆಚ್ಚು ಪರಿಣಾಮ ಬೀರುತ್ತದೆ ಎಂಬುದನ್ನು ಗ್ರಹಿಸಿದರೆ ಸಾಕು. ‘ಒಳ್ಳೆಯ ಹುಡುಗ’ ಎಂಬ ಮಾತಿನಲ್ಲಿ ಮಗುವಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ‘ಸೇತುಬಂಧದ ಅವಧಿಯಲ್ಲಿ ಹೊಸದಾಗಿ ಶಾಲೆಗೆ ಸೇರಿದ ಸಹಪಾಠಿಗೆ ಭಿನ್ನರಾಶಿಯ ಲೆಕ್ಕಗಳನ್ನು ಎರಡು ವಾರ ಬಿಡುವಿನ ವೇಳೆಯಲ್ಲಿ ಹೇಳಿಕೊಟ್ಟಿದ್ದಾನೆ’ ಎಂಬ ವಾಕ್ಯದಲ್ಲಿ ಅವನು ಮಾಡಿದ ಕೆಲಸವಿದೆ, ಅದನ್ನು ಯಾರೋ ಕಂಡರೆಂಬ ಭರವಸೆಯಿದೆ.

ಇದಕ್ಕೆ ಬೇಕಾದುದು ಒಂದು ನೋಟ್ ಪುಸ್ತಕ ಮಾತ್ರ. ಪ್ರತಿ ತರಗತಿಗೂ ಒಂದನ್ನಿಟ್ಟು, ಪ್ರತಿ ಮಗುವಿಗೆ ಒಂದು ಪುಟವನ್ನು ಮೀಸಲಿಡಬೇಕು. ತರಗತಿ ಶಿಕ್ಷಕರು, ವಿಷಯ ಶಿಕ್ಷಕರು, ದೈಹಿಕ ಶಿಕ್ಷಣ ಶಿಕ್ಷಕರು ತಾವು ಕಂಡುದನ್ನು ದಿನಾಂಕ ಸಹಿತ ಒಂದೆರಡು ವಾಕ್ಯಗಳಲ್ಲಿ ಬರೆಯಬೇಕು. ಬಿಸಿಯೂಟದ ಅಡುಗೆ ಸಿಬ್ಬಂದಿ ಹೇಳಿದುದನ್ನೂ ದಾಖಲಿಸುವುದು ಒಳ್ಳೆಯದು. ಯಾವ ಮಗು ಕಿರಿಯರಿಗೆ ಮೊದಲು ದಾರಿ ಬಿಡುತ್ತದೆ ಎಂಬುದು ಅವರಿಗೆ ತಿಳಿದಷ್ಟು ಇನ್ನಾರಿಗೂ ತಿಳಿದಿರುವುದಿಲ್ಲ. ತಿಂಗಳ ಕೊನೆಯಲ್ಲಿ ಖಾಲಿ ಉಳಿದ ಪುಟಗಳತ್ತ ಕಣ್ಣಾಡಿಸಬೇಕು. ಖಾಲಿ ಪುಟವು ಮಗುವಿನ ಕೊರತೆಯನ್ನು ಸೂಚಿಸುವುದಿಲ್ಲ, ಆ ತಿಂಗಳು ಶಿಕ್ಷಕರ ದೃಷ್ಟಿ ಅತ್ತ ಹರಿಯಲಿಲ್ಲವೆಂಬುದನ್ನಷ್ಟೇ ಸೂಚಿಸುತ್ತದೆ. ಮುಂದಿನ ತಿಂಗಳು ಆ ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ತರಗತಿಗೆ ಹೋದರೆ ಬರೆಯಲು ಏನಾದರೂ ಸಿಕ್ಕೇ ಸಿಗುತ್ತದೆ. ಬರವಣಿಗೆಯ ಕೆಲಸ ಈಗಾಗಲೇ ಅಧಿಕವಾಗಿರುವ ಶಾಲೆಗಳಲ್ಲಿ ಇನ್ನೊಂದು ವಹಿ ಏಕೆಂಬ ಆಕ್ಷೇಪ ನ್ಯಾಯವಾದುದೇ. ಆದುದರಿಂದ ಇದನ್ನು ತಪಾಸಣೆಗೆ ಒಳಪಡಿಸದಿರುವುದು, ನಮೂನೆಗಳಲ್ಲಿ ಕಟ್ಟಿಹಾಕದಿರುವುದು ಮೇಲು.

ನಡತೆಯನ್ನು ಗುರುತಿಸುವಾಗ ಎಚ್ಚರ ವಹಿಸಬೇಕಾದ ಒಂದು ಸಂದರ್ಭವನ್ನು ಪರಿಶೀಲಿಸಬಹುದು. ರೂಪಣಾತ್ಮಕ ಮೌಲ್ಯಮಾಪನದ ಉತ್ತರ ಪತ್ರಿಕೆಯನ್ನು ಹಿಂತಿರುಗಿಸಿದಾಗ ಒಬ್ಬ ವಿದ್ಯಾರ್ಥಿ, ಕೂಡುವಲ್ಲಿ ತಪ್ಪಾಗಿ ತನಗೆ ಎರಡು ಅಂಕ ಹೆಚ್ಚು ಬಂದಿದೆಯೆಂದು ತಾನಾಗಿಯೇ ತಿಳಿಸುತ್ತಾನೆ ಎಂದಿಟ್ಟುಕೊಳ್ಳೋಣ. ‘ನಿನ್ನ ಪ್ರಾಮಾಣಿಕತೆಗೆ ಮೆಚ್ಚಿ ಆ ಅಂಕಗಳನ್ನು ಹಾಗೆಯೇ ಬಿಟ್ಟಿದ್ದೇನೆ’ ಎನ್ನುವುದು ಶಿಕ್ಷಕರಿಗೆ ಸಹಜವಾಗಿ ತೋಚುವ ಔದಾರ್ಯ. ಆದರೆ ಅದರಿಂದ ಸತ್ಯ ನುಡಿದರೆ ಲಾಭವುಂಟೆಂಬ ಲೆಕ್ಕಾಚಾರವನ್ನು ತರಗತಿಯೆಲ್ಲ ಕಲಿಯುತ್ತದೆ. ಎರಡು ಅಂಕಗಳನ್ನು ಕಳೆಯುವುದೇ ಯುಕ್ತ. ಕಳೆದ ಬಳಿಕ, ಅವನು ನಷ್ಟವನ್ನು ಅರಿತೇ ಸತ್ಯವನ್ನು ಹೇಳಿದನೆಂಬುದನ್ನು ಪುಟದಲ್ಲಿ ಬರೆದು ಅವನಿಗೆ ಓದಿ ಹೇಳಬೇಕು. ಆಗ ಆ ಮೆಚ್ಚುಗೆಗೆ ತೂಕ ಬರುತ್ತದೆ.

ವಿಧೇಯತೆಯನ್ನೇ ಸದ್ಗುಣವೆಂದು ಬಗೆಯುವ ಅಪಾಯವೂ ಉಂಟು. ಸದ್ದಿಲ್ಲದೆ ಕುಳಿತವರೆಲ್ಲ ಶಿಷ್ಟರೆಂದೂ ಪ್ರಶ್ನಿಸುವವರೆಲ್ಲ ಉದ್ಧಟರೆಂದೂ ಪುಟಗಳು ತುಂಬತೊಡಗಿದರೆ ಆ ಪುಸ್ತಕವನ್ನು ಮುಚ್ಚಿಡುವುದೇ ವಾಸಿ. ಶೌಚಾಲಯಕ್ಕೆ ನೀರು ಬರುತ್ತಿಲ್ಲವೆಂದು ಮಕ್ಕಳ ಗ್ರಾಮ ಸಭೆಯಲ್ಲಿ ಎದ್ದು ನಿಂತು ಕೇಳಿದ ವಿದ್ಯಾರ್ಥಿನಿಯ ನಡೆಯು ಶಾಲೆಗೆ ಮುಜುಗರ ತಂದರೂ ದಾಖಲೆಗೆ ಅರ್ಹವಾದುದು. ಹಾಗೆಯೇ ಹೆಣ್ಣುಮಕ್ಕಳ ಪುಟಗಳಲ್ಲಿ ರಂಗೋಲಿ, ಸ್ವಚ್ಛತೆ, ಅತಿಥಿಗಳಿಗೆ ಆರತಿ ಎಂದೂ ಗಂಡುಮಕ್ಕಳ ಪುಟಗಳಲ್ಲಿ ನಾಯಕತ್ವ, ಧೈರ್ಯ ಎಂದೂ ಬರುತ್ತಿದೆಯೇ ಎಂದು ಮುಖ್ಯ ಶಿಕ್ಷಕರು ಆಗಾಗ ನೋಡಬೇಕು.

ಇದಕ್ಕಿಂತ ಸೂಕ್ಷ್ಮವಾದುದು ಬಡತನದ ಪ್ರಸ್ತಾಪ. ‘ತಂದೆಯಿಲ್ಲದಿದ್ದರೂ’, ‘ತಾಯಿ ಕೂಲಿ ಮಾಡಿದರೂ’, ‘ಗುಡಿಸಲಲ್ಲಿ ವಾಸವಿದ್ದರೂ’ ಎಂಬ ಪೀಠಿಕೆಯೊಡನೆ ಮಗುವನ್ನು ವೇದಿಕೆಗೆ ಕರೆಯುವುದು ನಮ್ಮ ಸಮಾರಂಭಗಳಲ್ಲಿ ರೂಢಿಯಾಗಿದೆ. ಹೇಳುವವರ ಮನಸ್ಸಿನಲ್ಲಿ ಅಭಿಮಾನವೇ ಇರುತ್ತದೆ. ಆದರೆ ಹದಿನೈದು ವರ್ಷದ ಮಗು, ತನ್ನ ಸಹಪಾಠಿಗಳ ಮುಂದೆ, ಮುಚ್ಚಿಟ್ಟುಕೊಂಡ ಮನೆಯ ಕಷ್ಟ ಧ್ವನಿವರ್ಧಕದಲ್ಲಿ ಕೇಳಿಬಂದಾಗ ತಲೆ ತಗ್ಗಿಸುತ್ತದೆ. ಸಭಿಕರ ಸಾಲಿನಲ್ಲಿರುವ ತಾಯಿಯೂ ತಗ್ಗಿಸುತ್ತಾಳೆ. ಮಗುವಿನ ಸಾಧನೆಯನ್ನು ಹೇಳಲು ಮನೆಯ ಸ್ಥಿತಿಯನ್ನು ಹೇಳಲೇಬೇಕಾದ ಅಗತ್ಯವಿಲ್ಲ. ಹೇಳಲೇಬೇಕೆನಿಸಿದರೆ ಮಗುವನ್ನೂ ಪೋಷಕರನ್ನೂ ಮುಂಚಿತವಾಗಿ ಕೇಳುವುದು ಕನಿಷ್ಠ ಸೌಜನ್ಯ.

ಕೆಲವು ಸಾಹಸಗಳನ್ನು ವೇದಿಕೆಯಲ್ಲಿ ಸನ್ಮಾನಿಸಲೇಬಾರದು. ಸಹಪಾಠಿಯ ಬಾಲ್ಯವಿವಾಹದ ಸುಳಿವು ತಿಳಿದು 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಿದ ವಿದ್ಯಾರ್ಥಿನಿಗಿಂತ ಧೈರ್ಯವಂತರು ವಿರಳ. ಆಕೆಯ ಹೆಸರು, ಭಾವಚಿತ್ರಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದರೆ ಅದೇ ಊರಿನಲ್ಲಿ ಬಾಳಬೇಕಾದ ಇಬ್ಬರು ಮಕ್ಕಳೂ ಅಪಾಯಕ್ಕೆ ಸಿಲುಕುತ್ತಾರೆ. ಮೇಲಾಗಿ, ರಕ್ಷಣೆಯ ಅಗತ್ಯವಿರುವ ಮಗುವಿನ, ಅಪರಾಧಕ್ಕೆ ಗುರಿಯಾದ ಅಥವಾ ಸಾಕ್ಷಿಯಾದ ಮಗುವಿನ ಹೆಸರು, ವಿಳಾಸ, ಶಾಲೆ ಇತ್ಯಾದಿ ಗುರುತನ್ನು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಪ್ರಕರಣ ನಿಷೇಧಿಸಿದೆ. ಉಲ್ಲಂಘನೆಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಂಥ ಮಗುವಿಗೆ ಮುಖ್ಯ ಶಿಕ್ಷಕರು ಕೊಠಡಿಗೆ ಕರೆದು ಹೇಳುವ ನಾಲ್ಕು ಮಾತುಗಳೇ ಸನ್ಮಾನ. ಅದನ್ನು ತರಗತಿಯ ಪುಸ್ತಕದಲ್ಲಿಯೂ ಬರೆಯಬಾರದು.

ಉಳಿದ ಮೆಚ್ಚುಗೆಗಳಿಗೆ ತಕ್ಕ ಸ್ಥಳಗಳು ಹಲವಿವೆ. ವಾರಕ್ಕೊಮ್ಮೆ ಪ್ರಾರ್ಥನಾ ಸಭೆಯಲ್ಲಿ, ಮಗುವಿನ ಒಪ್ಪಿಗೆ ಪಡೆದು, ಪುಸ್ತಕದ ಎರಡು ಮೂರು ದಾಖಲೆಗಳನ್ನು ಓದಬಹುದು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಕಟ್ಟಡ, ಅನುದಾನಗಳ ಚರ್ಚೆಗೆ ಮುನ್ನ ಐದು ನಿಮಿಷವನ್ನು ಇದಕ್ಕೆ ಕೊಡಬಹುದು. ಆದರೆ ಮನೆಗೆ ತಲುಪುವ ಮಾತಿಗೆ ಇರುವ ಶಕ್ತಿಯೇ ಬೇರೆ. ಶಾಲೆಯಿಂದ ಕರೆ ಬಂದಿತೆಂದರೆ ಮಗ ಏನೋ ತಂಟೆ ಮಾಡಿರಬೇಕೆಂದು ಗಾಬರಿಪಡುವ ಪೋಷಕರೇ ಹೆಚ್ಚು. ಅಂಥ ಮನೆಗೆ, ‘ನಿಮ್ಮ ಮಗಳು ಈ ತಿಂಗಳು ಇಂಥ ಕೆಲಸ ಮಾಡಿದ್ದಾಳೆ’ ಎಂದು ಶಿಕ್ಷಕರ ಕೈಬರಹದಲ್ಲಿ ಒಂದು ಅಂಚೆ ಕಾರ್ಡು ಹೋದರೆ ಅದು ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ವರ್ಷಗಟ್ಟಲೆ ಉಳಿಯುವಂಥದು. ಓದು ಬಾರದ ಪೋಷಕರಿದ್ದರೆ ಕಾರ್ಡನ್ನು ಮಗುವೇ ಓದಿ ಹೇಳುತ್ತದೆ. ಅದೂ ಒಂದು ಸೊಗಸು.

ಎಸ್.ಎಸ್.ಎಲ್.ಸಿ.ಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಮೊದಲ ಪರೀಕ್ಷೆಯಲ್ಲಿ ಗಣಿತವೋ ವಿಜ್ಞಾನವೋ ಕೈಕೊಟ್ಟು, ಊರಿನವರ ಮಾತು ಕೇಳುತ್ತಲೇ ಮತ್ತೆ ಓದಿ ಮುಂದಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳನ್ನು ಯಾವ ಪ್ರತಿಭಾ ಪುರಸ್ಕಾರದ ಆಹ್ವಾನ ಪತ್ರಿಕೆಯಲ್ಲಿಯೂ ಕಾಣುವುದು ಅಪರೂಪ. ಸೋತ ಮೇಲೆ ಪುಸ್ತಕ ತೆರೆಯುವುದಕ್ಕೆ ಬೇಕಾದ ಮನೋಬಲವನ್ನು ಶಾಲೆಯೇ ಮೊದಲು ಗುರುತಿಸಬೇಕಾಗುತ್ತದೆ. ಆ ಮಕ್ಕಳು ವರ್ಗಾವಣೆ ಪತ್ರಕ್ಕಾಗಿ ಬಂದ ದಿನ ನಡತೆಯ ಕಲಮಿನಲ್ಲಿ ಎಂದಿನಂತೆ ಒಂದು ಪದವನ್ನು ಬರೆದು, ಅದರೊಡನೆ ತರಗತಿಯ ಪುಸ್ತಕದಿಂದ ಅವರ ಪುಟದ ಪ್ರತಿಯೊಂದನ್ನು ಮುಖ್ಯ ಶಿಕ್ಷಕರ ಸಹಿಯೊಂದಿಗೆ ಕೈಗಿಡಬಹುದು. ಎಂಟನೆಯ ತರಗತಿಯಿಂದಲೇ ಆ ಪುಟ ಅವರೊಡನೆ ಸಾಗಿಬರಬೇಕಾದರೆ, ಪ್ರತಿ ಜೂನ್ ತಿಂಗಳಲ್ಲಿ ಹೊಸ ತರಗತಿ ಶಿಕ್ಷಕರಿಗೆ ಹಾಜರಿ ಪುಸ್ತಕದ ಜೊತೆಗೆ ಇದನ್ನೂ ಹಸ್ತಾಂತರಿಸಬೇಕು.